ಟನಲ್ ಮೇಲೆ ಪಿಪಿಪಿಒಇ: ಲಾಗಿನ್ ಆಗುತ್ತದೆ, ಕೆಲವು ತಾಣಗಳು ಮಾತ್ರ ತೆರೆಯುವುದಿಲ್ಲ

ಪ್ರಶ್ನೆ:
ದೂರದ ಟವರೊಂದರ ಗ್ರಾಹಕರನ್ನು ಕೇಂದ್ರದ ಪಿಪಿಪಿಒಇ (ಈಥರ್ನೆಟ್ ಮೇಲೆ ಲಾಗಿನ್ ಆಗಿ ಇಂಟರ್ನೆಟ್ ಪಡೆಯುವ ವಿಧಾನ) ಸರ್ವರ್‌ಗೆ ತಲುಪಿಸಲು, ನಡುವಿನ ಬಾಡಿಗೆ ಐಪಿ ಲಿಂಕ್‌ನ ಮೇಲೆ ಇಒಐಪಿ ಟನಲ್ (ಈಥರ್ನೆಟ್ ಫ್ರೇಮ್‌ಗಳನ್ನು ಐಪಿ ಪ್ಯಾಕೆಟ್‌ಗಳೊಳಗಿಟ್ಟು ಸಾಗಿಸುವ ದಾರಿ) ಹಾಕಿ, ಅದನ್ನು ಎರಡೂ ತುದಿಗಳಲ್ಲಿ ಬ್ರಿಡ್ಜ್‌ಗೆ (ಪೋರ್ಟ್‌ಗಳನ್ನು ಒಂದೇ ಜಾಲವಾಗಿ ಜೋಡಿಸುವ ವ್ಯವಸ್ಥೆ) ಸೇರಿಸಿದ್ದೇನೆ. ಎಲ್ಲರೂ ಲಾಗಿನ್ ಆಗುತ್ತಾರೆ, ಪಿಂಗ್ ಸರಿಯಾಗಿದೆ, ವಿಡಿಯೊಗಳೂ ಓಡುತ್ತವೆ. ಆದರೆ ಕೆಲವು ತಾಣಗಳು ತೆರೆಯುವಾಗಲೇ ನಿಂತು ಟೈಮ್‌ಔಟ್ ಆಗುತ್ತವೆ. ಟನಲ್‌ನ ಎಂಟಿಯು (ಒಮ್ಮೆಗೆ ಹಿಡಿಸುವ ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ತಾನಾಗಿಯೇ 1458 ಎಂದು ತೋರಿಸುತ್ತಿದೆ; ಪಿಪಿಪಿಒಇ ಪ್ರೊಫೈಲ್‌ನಲ್ಲಿ 1492 ಇದೆ. ಲಿಂಕ್ ಕೊಟ್ಟವರು ತಮ್ಮ ಕಡೆ ದೋಷವಿಲ್ಲ ಎನ್ನುತ್ತಾರೆ. ಎಲ್ಲಿ ಹುಡುಕಬೇಕು?

ಉತ್ತರ 1:
ಲಿಂಕ್‌ನವರ ಮಾತು ನಿಜವಿರಬಹುದು. ದೋಷ ನೀವೇ ಬರೆದಿರುವ ಎರಡು ಅಂಕಿಗಳಲ್ಲಿದೆ. ಗ್ರಾಹಕರ ಕಡೆಗೆ ಹೊರಟ 1492 ಬೈಟ್‌ಗಳ ಪ್ಯಾಕೆಟ್‌ಗೆ ಪಿಪಿಪಿಒಇ 8 ಬೈಟ್ ಸೇರಿಸುತ್ತದೆ. ಅದರ ಮೇಲೆ ಈಥರ್ನೆಟ್ ಹೆಡರ್ 14, ಟನಲ್‌ನ ಜಿಆರ್‌ಇ ಹೆಡರ್ 8, ಹೊರಗಿನ ಐಪಿ 20 ಕೂಡಿದರೆ 1542 ಆಗುತ್ತದೆ. 1500ರ ಲಿಂಕ್‌ನಲ್ಲಿ ಅದು ಹಿಡಿಸುವುದಿಲ್ಲ. ಆ ಜಾಗದಲ್ಲಿ ರೂಟರ್ ಇದ್ದಿದ್ದರೆ, ಪ್ಯಾಕೆಟ್ ದೊಡ್ಡದಾಯಿತೆಂದು ಕಳಿಸಿದವರಿಗೆ ಐಸಿಎಂಪಿ (ಜಾಲದ ದೋಷ ತಿಳಿಸುವ ಸಂದೇಶ) ಮೂಲಕ ತಿಳಿಸುತ್ತಿತ್ತು. ಬ್ರಿಡ್ಜ್‌ಗೆ ಬಾಯಿಯಿಲ್ಲ, ಸದ್ದಿಲ್ಲದೆ ಎಸೆದುಬಿಡುತ್ತದೆ. ಹಾಗಾಗಿಯೇ ಟಿಸಿಪಿಯ ಆರಂಭದ ಸಣ್ಣ ಪ್ಯಾಕೆಟ್‌ಗಳು ದಾಟಿ, ತಾಣದ ಸರ್ಟಿಫಿಕೇಟ್ ಹೊತ್ತ ಮೊದಲ ದೊಡ್ಡ ಪ್ಯಾಕೆಟ್ ಬರುವಷ್ಟರಲ್ಲಿ ಎಲ್ಲವೂ ಸ್ತಬ್ಧವಾಗುತ್ತದೆ. ವಿಡಿಯೊ ತಾಣಗಳಲ್ಲಿ ಅನೇಕವು ಟಿಸಿಪಿಯ ಬದಲು ಬಳಸುವ ಕ್ವಿಕ್ ಎಂಬ ಸಾಗಣೆ ವಿಧಾನ, ಸುಮಾರು 1200 ಬೈಟ್‌ಗಳಿಂದ ಶುರುಮಾಡುವುದರಿಂದ ಪಾರಾಗುತ್ತಿರಬೇಕು.

ಪ್ರೊಫೈಲ್‌ನಲ್ಲಿ ಎಂಟಿಯುವನ್ನು 1450ಕ್ಕೆ (1458ರಿಂದ ಪಿಪಿಪಿಒಇಯ 8 ಕಳೆದು) ಇಳಿಸಿ, ಟಿಸಿಪಿ ಎಂಎಸ್ಎಸ್ಸನ್ನು (ಒಂದು ಪ್ಯಾಕೆಟ್‌ನಲ್ಲಿ ಸಾಗುವ ಗರಿಷ್ಠ ದತ್ತಾಂಶ) ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದು 1410ಕ್ಕೆ ಕಟ್ಟಿಹಾಕಿ. ಟನಲ್‌ನ ಎಂಟಿಯುವನ್ನೇ ಬಲವಂತವಾಗಿ 1500 ಮಾಡಿದರೂ ತಾಣಗಳು ತೆರೆದುಕೊಳ್ಳುತ್ತವೆ, ಆದರೆ ಪ್ರತಿ ದೊಡ್ಡ ಪ್ಯಾಕೆಟ್ ಎರಡು ತುಂಡಾಗಿ ಸಾಗುವುದರಿಂದ ಸಂಜೆಯ ದಟ್ಟಣೆಯಲ್ಲಿ ಪ್ರೊಸೆಸರ್ ಏದುಸಿರು ಬಿಡುತ್ತದೆ. ಒಂದು ತುಂಡು ಕಳೆದರೆ ಇಡೀ ಪ್ಯಾಕೆಟ್ ಹೋದಂತೆ. ನಾನಂತೂ ಆ ದಾರಿ ಹಿಡಿಯಲಾರೆ. ಲಿಂಕ್‌ನವರು 1542 ಅಥವಾ ಅದಕ್ಕಿಂತ ದೊಡ್ಡ ಎಂಟಿಯು ಕೊಡಲು ಒಪ್ಪಿದರೆ ಅದೇ ಎಲ್ಲಕ್ಕಿಂತ ಉತ್ತಮ. ಆದರೆ ಬಾಯಿಮಾತು ನಂಬದೆ, ತುಂಡಾಗದಂತೆ ಗುರುತು ಹಾಕಿ 1514 ಬೈಟ್ ದತ್ತಾಂಶದ (28 ಬೈಟ್ ಹೆಡರ್ ಸೇರಿ 1542) ಪಿಂಗ್ ಕಳಿಸಿ ನೋಡಿ.

ಉತ್ತರ 2:
ಲೆಕ್ಕ ಸರಿಯಾಗಿದೆ. ಆದರೆ ಟವರ್‌ಗಳು ಹೆಚ್ಚಿದಂತೆ ಈ ಬ್ರಿಡ್ಜ್ ಬೇರೆ ತಲೆನೋವು ತರುತ್ತದೆ. ಒಬ್ಬ ಗ್ರಾಹಕರು ತಮ್ಮ ರೂಟರ್‌ನ ಲ್ಯಾನ್ ಪೋರ್ಟಿಗೆ ನಿಮ್ಮ ಕೇಬಲ್ ಚುಚ್ಚಿದರೆ ಸಾಕು, ಅದರ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಸೇವೆ) ಎಲ್ಲ ಟವರ್‌ಗಳಿಗೂ ಹಬ್ಬುತ್ತದೆ. ಗ್ರಾಹಕರ ಪೋರ್ಟ್‌ಗಳಿಂದ ಪಿಪಿಪಿಒಇಯ ಈಥರ್‌ಟೈಪ್‌ಗಳಾದ (ಫ್ರೇಮ್‌ನೊಳಗೆ ಏನಿದೆಯೆಂದು ಹೇಳುವ ಸಂಖ್ಯೆಗಳು) 8863 ಮತ್ತು 8864ನ್ನು ಮಾತ್ರ ಬಿಟ್ಟು ಉಳಿದುದನ್ನು ತಡೆಯಿರಿ. ಒಂದು ಟವರ್ ಇನ್ನೊಂದನ್ನು ಕಾಣದಂತೆ ಟನಲ್‌ಗಳನ್ನು ಪ್ರತ್ಯೇಕಿಸಿ. ಮುಂದೆ ಟವರಿನಲ್ಲೇ ಪಿಪಿಪಿಒಇಯನ್ನು ಇಳಿಸಿಕೊಂಡು ಪಿಪಿಪಿಯನ್ನಷ್ಟೇ ಎಲ್‌ಟುಟಿಪಿ ಎಂಬ ಇನ್ನೊಂದು ಬಗೆಯ ಟನಲ್‌ನಲ್ಲಿ ಕೇಂದ್ರಕ್ಕೆ ಒಯ್ದರೆ ಬ್ರಾಡ್‌ಕಾಸ್ಟ್ (ಜಾಲದ ಎಲ್ಲರಿಗೂ ಹೋಗುವ ಸಂದೇಶ) ಟವರಿನಲ್ಲಿಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
1450 ಹಾಕಿ ಸೆಷನ್‌ಗಳನ್ನು ಮತ್ತೆ ಕಟ್ಟಿದ ಕೂಡಲೇ ತಾಣಗಳು ತೆರೆದುಕೊಂಡವು, ಇಬ್ಬರಿಗೂ ಧನ್ಯವಾದ. ಒಬ್ಬರ ಹಳೆಯ ರೂಟರ್ ಮಾತ್ರ 1492ಕ್ಕೇ ಅಂಟಿಕೊಂಡಿದ್ದು, ಅವರಿಗೆ ಫೋಟೊ ಅಪ್‌ಲೋಡ್ ಆಗುತ್ತಿಲ್ಲ.

ಉತ್ತರ 1:
ನೀವು ಎಂಎಸ್ಎಸ್ಸನ್ನು ಒಂದೇ ದಿಕ್ಕಿಗೆ ಕಟ್ಟಿರಬೇಕು. ಗ್ರಾಹಕರಿಗೆ ಹೋಗುವ ಸಿನ್-ಆ್ಯಕ್‌ನಲ್ಲೂ (ಟಿಸಿಪಿ ಸಂಪರ್ಕ ಶುರುವಾಗುವಾಗ ಬರುವ ಉತ್ತರ) ಪಿಪಿಪಿಒಇ ಸರ್ವರ್ 1410 ಎಂದು ತಿದ್ದಿದರೆ, ಅವರ ಕಂಪ್ಯೂಟರೇ ಸಣ್ಣ ಪ್ಯಾಕೆಟ್ ಕಳಿಸುತ್ತದೆ; ರೂಟರನ್ನು ಮುಟ್ಟಬೇಕಾಗಿಲ್ಲ.