ಗಟ್ಟಿ ಲೆನ್ಸ್ ಮಧ್ಯಾಹ್ನಕ್ಕೆ ಮಸುಕಾಗುತ್ತದೆ, ಫಿಲ್ಟರ್ ನೀರಿನಲ್ಲಿ ತೊಳೆಯಬಹುದೇ?

ಪ್ರಶ್ನೆ

ನನಗೆ ಎರಡೂ ಕಣ್ಣುಗಳಲ್ಲಿ ಕೆರಟೋಕೋನಸ್ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ತೊಂದರೆ) ಇದೆ. ಕನ್ನಡಕ ಹಾಕಿದರೂ ಅಕ್ಷರಗಳ ಪಕ್ಕದ ನೆರಳು ಹೋಗದ ಕಾರಣ ವೈದ್ಯರು ಆರ್‌ಜಿಪಿ (ಗಾಳಿ ಹಾಯಲು ಬಿಡುವ ಗಟ್ಟಿ ಕಾಂಟ್ಯಾಕ್ಟ್) ಲೆನ್ಸ್ ಬರೆದುಕೊಟ್ಟರು. ಧರಿಸಲು ತೊಡಗಿ ಮೂರು ವಾರಗಳಾದವು. ಬೆಳಿಗ್ಗೆ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದಬಲ್ಲೆನಾದರೂ, ಊಟದ ಹೊತ್ತಿಗೆ ಬಲಗಣ್ಣಿಗೆ ಆವಿ ಹಿಡಿದ ಗಾಜಿನ ಮೂಲಕ ನೋಡಿದಂತಾಗುತ್ತದೆ. ಆಗ ಲೆನ್ಸ್ ತೆಗೆದು, ಕಚೇರಿಯ ಫಿಲ್ಟರ್ ನೀರಿನಲ್ಲಿ ತೊಳೆದು ಮತ್ತೆ ಹಾಕಿಕೊಳ್ಳುತ್ತಿದ್ದೇನೆ. ಇದು ಸರಿಯೇ? ಸ್ಕೂಟರಿನಲ್ಲಿ ಹೋಗುವಾಗ ಧೂಳು ಹೊಕ್ಕು ಸೂಜಿ ಚುಚ್ಚಿದಂತಾದರೆ ಏನು ಮಾಡಬೇಕೆಂಬುದನ್ನೂ ತಿಳಿಸಿ.

ಉತ್ತರ 1 (12 ವರ್ಷಗಳಿಂದ ಧರಿಸುತ್ತಿರುವವರು)

ನನ್ನ ಅನುಮಾನ ಕೊಬ್ಬರಿ ಎಣ್ಣೆಯ ಮೇಲೆ. ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ಎಷ್ಟು ತೊಳೆದರೂ ಬೆರಳ ತುದಿಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಕೆನೆ ಬೆರೆತ ಸೋಪುಗಳೂ ಹಾಗೆಯೇ. ಲೆನ್ಸನ್ನು ಟ್ಯೂಬ್‌ಲೈಟಿನ ಎದುರು ಓರೆಯಾಗಿ ಹಿಡಿದು ನೋಡಿ. ಅದರ ಮೇಲೆ ನೀರು ಒಂದೇ ಪದರವಾಗಿ ನಿಲ್ಲದೆ ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆಯುತ್ತಿದ್ದರೆ ಜಿಡ್ಡು ಹಿಡಿದಿದೆ ಎಂದೇ ಅರ್ಥ. ನಾನು ಮೊದಲು ಲೆನ್ಸ್, ಆಮೇಲೆ ಎಣ್ಣೆ, ಕಾಡಿಗೆ ಎಂಬ ಕ್ರಮವನ್ನು ಪಾಲಿಸುತ್ತೇನೆ.

ಧೂಳು ಹೊಕ್ಕಾಗ ಕಣ್ಣುಜ್ಜುವುದು ಸಲ್ಲದು, ಏಕೆಂದರೆ ಕಣವು ಲೆನ್ಸಿನ ಅಡಿಯಲ್ಲಿ ಸಿಕ್ಕಿ ಕಾರ್ನಿಯಾವನ್ನು ಗೀರುತ್ತದೆ. ಗಾಡಿಯನ್ನು ಬದಿಗೆ ನಿಲ್ಲಿಸಿ, ಕೆಳಗೆ ನೋಡುತ್ತ ರೆಪ್ಪೆ ಬಡಿಯಿರಿ. ಬಹುಪಾಲು ಕಣ್ಣೀರೇ ಅದನ್ನು ಹೊರಗೆ ತಳ್ಳುತ್ತದೆ. ಹೋಗದಿದ್ದರೆ ಲೆನ್ಸ್ ತೆಗೆಯಲೇಬೇಕು, ಆದ್ದರಿಂದ ಡಬ್ಬಿ, ಲೆನ್ಸ್ ನೆನೆಸುವ ದ್ರಾವಣ ಮತ್ತು ಹಳೆಯ ಕನ್ನಡಕ ಸದಾ ಚೀಲದಲ್ಲಿರಲಿ.

ಉತ್ತರ 2 (ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸಿ ಲೆನ್ಸ್ ಕೊಡುವವರು)

ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಗಟ್ಟಿ ಲೆನ್ಸನ್ನು ನಲ್ಲಿಯಡಿ ತೊಳೆಯಬಹುದೆಂದು ಹಿಂದೆ ಹೇಳುತ್ತಿದ್ದುದುಂಟು, ಈಗ ಹೇಳುವುದಿಲ್ಲ. ನಲ್ಲಿ, ತೊಟ್ಟಿ, ಬೋರ್‌ವೆಲ್ ನೀರಿನಲ್ಲೆಲ್ಲ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಪ್ರತಿಕೂಲ ಪರಿಸ್ಥಿತಿಯಲ್ಲಿ ಅದು ಗಟ್ಟಿ ಕವಚ ಕಟ್ಟಿಕೊಳ್ಳುವುದರಿಂದ ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಕಾರ್ನಿಯಾಕ್ಕೆ ತಗಲಿದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆದು ಕೊನೆಗೆ ಕಲೆಯೂ ಉಳಿಯಬಹುದು. ಆರ್‌ಓ ಫಿಲ್ಟರ್ ನೀರು ಕುಡಿಯಲು ಶುದ್ಧವೇ ಹೊರತು ರೋಗಾಣುರಹಿತವಲ್ಲ. ಕುದಿಸಿ ಚೊಂಬಿನಲ್ಲಿ ಆರಿಸಿಟ್ಟ ನೀರೂ ಬೇಡ.

ರಾತ್ರಿ ಲೆನ್ಸ್ ತೆಗೆದ ಕೂಡಲೇ ಅಂಗೈಯ ಗುಳಿಯಲ್ಲಿಟ್ಟು, ಆರ್‌ಜಿಪಿಗೆಂದೇ ಇರುವ ಕ್ಲೀನರ್ ಹಾಕಿ ಮೆಲ್ಲಗೆ ಉಜ್ಜಿರಿ. ಎರಡು ಬೆರಳ ನಡುವೆ ಹಿಸುಕಿದರೆ ಲೆನ್ಸ್ ಬಾಗುತ್ತದೆ. ಕ್ಲೀನರ್ ಉಳಿದರೆ ಕಣ್ಣು ಉರಿಯುವುದರಿಂದ ಸ್ಟೆರೈಲ್ ಸಲೈನ್‌ನಲ್ಲಿ (ರೋಗಾಣುರಹಿತ ಉಪ್ಪುನೀರಿನ ದ್ರಾವಣ) ಪೂರ್ತಿ ತೊಳೆದು, ಡಬ್ಬಿಗೆ ಪ್ರತಿದಿನವೂ ಹೊಸ ದ್ರಾವಣ ತುಂಬಿರಿ. ಮೆದು ಲೆನ್ಸಿನ ದ್ರಾವಣವನ್ನು ಇದಕ್ಕೆ ಬಳಸಬೇಡಿ. ಇಷ್ಟಾದರೂ ಮಸುಕು ಹೋಗದಿದ್ದರೆ ಅದು ರೆಪ್ಪೆಯಂಚಿನ ಗ್ರಂಥಿಗಳ ತೊಂದರೆಯೋ ಅಳತೆಯ ದೋಷವೋ ಆಗಿರಬಹುದು, ಒಮ್ಮೆ ತೋರಿಸಿ. ಕಣ್ಣು ಕೆಂಪಾಗಿ, ಲೆನ್ಸ್ ತೆಗೆದ ಮೇಲೂ ನೋವಿದ್ದು, ಬೆಳಕು ಸಹಿಸಲಾಗದಿದ್ದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ ಕೇಳಿದವರು

ಕೆಸುವಿನ ಎಲೆಯ ಪರೀಕ್ಷೆ ಮಾಡಿದೆ, ಬಲಗಣ್ಣಿನ ಲೆನ್ಸಿನಲ್ಲಿ ನೀರು ಹನಿಯೊಡೆಯಿತು. ಡಬ್ಬಿಯನ್ನೂ ದ್ರಾವಣವನ್ನೂ ಬದಲಿಸಿದ್ದೇನೆ. ನಿನ್ನೆ ಮಾತ್ರ ಲೆನ್ಸ್ ಬಿಳಿಗುಡ್ಡೆಯ ಕಡೆಗೆ ಸರಿದುಹೋಯಿತು. ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತದೆಯೇ?

ಉತ್ತರ 1

ಹೋಗುವುದಿಲ್ಲ. ರೆಪ್ಪೆಯ ಒಳಪೊರೆಯೇ ಮಡಚಿ ಗುಡ್ಡೆಗೆ ಕೂಡಿಕೊಂಡಿರುವುದರಿಂದ ಹಿಂದೆ ದಾರಿಯೇ ಇಲ್ಲ. ಕನ್ನಡಿಯಲ್ಲಿ ಲೆನ್ಸ್ ಎಲ್ಲಿದೆಯೆಂದು ನೋಡಿಕೊಂಡು, ಎರಡು ಹನಿ ಸಲೈನ್ ಬಿಟ್ಟು, ಅದು ಸಡಿಲವಾದ ಬಳಿಕ ತೆಗೆಯಿರಿ. ಲೆನ್ಸ್ ತೆಗೆಯುವ ರಬ್ಬರ್ ಹೀರುಕ ಬಳಸುವುದಿದ್ದರೆ ಅದರ ಕೆಳಗೆ ಲೆನ್ಸ್ ನಿಜವಾಗಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಬರಿಯ ಕಪ್ಪುಗುಡ್ಡೆಗೆ ಅದನ್ನು ಒತ್ತಿ ನಾನೊಮ್ಮೆ ಎರಡು ದಿನ ಕಣ್ಣು ಬಿಡಲಾಗದೆ ಮಲಗಿದ್ದೆ.