ಥಾನೋಸನಿಗೆ ಇದ್ದದ್ದು ಉದ್ದೇಶವೋ, ಛಲವೋ? ‘ಮೋಟಿವ್’ಗೆ ಕನ್ನಡ ಪದ

ಒಂದು ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕು. ಸಿನಿಮಾದ ಖಳನ ಮಾತು ಬಂದಾಗ ಎಲ್ಲರೂ ‘ಮೋಟಿವ್’ ಅನ್ನುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ ಹುಟ್ಟಿದ್ದು ಒಂದು ವಾದದಿಂದ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಚಿತ್ರದ ಕಥೆಗೆ ತರ್ಕವೇ ಇಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಇದೆ ಅಂತ ನಾನು ಹಿಡಿದು ಕೂತೆ. ವಿಶ್ವದ ಸಂಪನ್ಮೂಲಕ್ಕೆ ಮಿತಿಯಿದೆ, ಜೀವಿಗಳು ಹೆಚ್ಚುತ್ತಲೇ ಹೋದರೆ ಎಲ್ಲವೂ ನಾಶವಾಗುತ್ತದೆ, ಆದ್ದರಿಂದ ಅರ್ಧದಷ್ಟು ಜೀವಿಗಳನ್ನು ಅಳಿಸಿಬಿಡಬೇಕು ಎನ್ನುವುದು ಆ ಚಿತ್ರದ ಖಳ ಥಾನೋಸನ ವಾದ. ಗೆಳೆಯರ ಆಕ್ಷೇಪ ನೇರವಾಗಿತ್ತು: ಅಪಾರ ಶಕ್ತಿಯ ಆರು ಮಣಿಗಳು ಕೈಗೆ ಬಂದ ಮೇಲೆ ಕಾಲವೂ ಅವನದೇ, ದೇಶವೂ ಅವನದೇ, ಹಾಗಿದ್ದಮೇಲೆ ಸಂಪನ್ಮೂಲವನ್ನೇ ಇಮ್ಮಡಿ ಮಾಡಬಹುದಿತ್ತಲ್ಲ? ಅಲ್ಲದೆ, ಅರ್ಧ ಅಳಿದರೆ ಮತ್ತೆ ಅಷ್ಟು ಹುಟ್ಟಲು ಎಷ್ಟು ಹೊತ್ತು? ಭೂಮಿಯನ್ನೇ ನೋಡಿ. 1974ರ ಹೊತ್ತಿಗೆ 400 ಕೋಟಿ ಇದ್ದ ಜನಸಂಖ್ಯೆ 2022ರಲ್ಲಿ 800 ಕೋಟಿ ಮುಟ್ಟಿತು. ಐವತ್ತು ವರ್ಷ ತುಂಬುವ ಮೊದಲೇ ಲೆಕ್ಕ ಮೊದಲಿದ್ದಲ್ಲಿಗೇ ಬಂತು. ಜನಸಂಖ್ಯೆ ಅನ್ನವನ್ನು ಮೀರಿ ಬೆಳೆಯುತ್ತದೆ ಎಂದು 1798ರಲ್ಲಿ ಬರೆದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಾಲ್ಥಸ್‌ನ ಭಯವನ್ನೇ ಥಾನೋಸ್ ಹೊತ್ತಿದ್ದಾನೆ, ಆದರೆ ಅವನು ಕೊಡುವ ಮದ್ದು ಆ ಭಯಕ್ಕೂ ಮದ್ದಲ್ಲ.

ಈ ಲೆಕ್ಕವನ್ನು ನಾನು ಒಪ್ಪಿದೆ. ಆದರೂ ಕಥೆಗೆ ತೂತಿದೆ ಎನ್ನುವುದನ್ನು ಒಪ್ಪಲಾಗಲಿಲ್ಲ. ಎರಡು ದಿನ ವಾದ ಮಾಡಿದ ಮೇಲೆ ಹೊಳೆದದ್ದು, ನಾವಿಬ್ಬರೂ ‘ಉದ್ದೇಶ’ ಎಂಬ ಒಂದೇ ಪದವನ್ನು ಎರಡು ಬೇರೆ ವಸ್ತುಗಳಿಗೆ ಬಳಸುತ್ತಿದ್ದೇವೆ ಅಂತ. ‘ಅವನ ಉದ್ದೇಶ ಅರ್ಧ ಜೀವಿಗಳನ್ನು ಅಳಿಸುವುದು’ ಎಂದು ಅವರು. ‘ಅವನ ಉದ್ದೇಶ ಅದಲ್ಲವೇ ಅಲ್ಲ’ ಎಂದು ನಾನು. ಇಬ್ಬರ ಮಾತೂ ಸರಿಯೇ ಇತ್ತು.

ಉದ್ದೇಶ ಎನ್ನುವುದರಲ್ಲಿ ಇರುವುದು ತೋರಿಸುವ, ಬೆರಳು ಮಾಡುವ ಅರ್ಥದ ಧಾತು. ಹಾಗಾಗಿ ಅದು ಮುಂದಿರುವ ಗುರಿ. ‘ಪ್ರಯೋಜನಮನುದ್ದಿಶ್ಯ ನ ಮಂದೋಽಪಿ ಪ್ರವರ್ತತೇ’ ಎಂಬ ಹಳೆಯ ಮಾತಿನಲ್ಲೂ ಹೀಗೇ. ಪ್ರಯೋಜನವೊಂದನ್ನು ಮುಂದಿಟ್ಟುಕೊಳ್ಳದೆ ಮಂದನೂ ಕೆಲಸಕ್ಕೆ ಕೈಹಾಕುವುದಿಲ್ಲ. ಮೋಟಿವ್ ಎನ್ನುವುದು ಬೆನ್ನ ಹಿಂದಿನಿಂದ ನೂಕುವಂಥದು. ಎರಡೂ ಬೇರೆ ಎನ್ನುವುದಕ್ಕೆ ಥಾನೋಸನೇ ಸಾಕ್ಷಿ. ಈ ಪಾತ್ರ ಮಾರ್ವೆಲ್ ಕಾಮಿಕ್ಸ್‌ನಲ್ಲಿ ಮೊದಲು ಕಾಣಿಸಿದ್ದು 1973ರಲ್ಲಿ. 1991ರ ಕಾಮಿಕ್ಸ್ ಕಥೆಯಲ್ಲೂ ಅವನು ವಿಶ್ವದ ಅರ್ಧ ಜೀವಿಗಳನ್ನು ಅಳಿಸುತ್ತಾನೆ. ಆದರೆ ಅಲ್ಲಿ ಸಂಪನ್ಮೂಲದ ಚಿಂತೆಯಿಲ್ಲ. ಹೆಣ್ಣುರೂಪದ ಮೃತ್ಯುವನ್ನು ಅವನು ಪ್ರೀತಿಸುತ್ತಾನೆ, ಅವಳನ್ನು ಮೆಚ್ಚಿಸಲು ಹಾಗೆ ಮಾಡುತ್ತಾನೆ. ಉದ್ದೇಶ ಅದೇ, ಕೃತ್ಯ ಅದೇ, ನೂಕುವ ಶಕ್ತಿ ಮಾತ್ರ ಬೇರೆ. ಇವೆರಡನ್ನೂ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಕಾಮಿಕ್ಸ್‌ಗೂ ಸಿನಿಮಾಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಕನ್ನಡದಲ್ಲಿ ಹೇಳಲಿಕ್ಕೇ ಬರುವುದಿಲ್ಲ.

‘ಪ್ರೇರಣೆ’ ಎನ್ನಬಹುದಲ್ಲ ಎಂದರೆ, ನೂಕು ಎಂಬ ಅರ್ಥವೇನೋ ಅದರಲ್ಲಿದೆ. ಆದರೆ ಬಳಕೆಯಲ್ಲಿ ಆ ಪದ ಒಳ್ಳೆಯದರ ಕಡೆಗೆ ವಾಲಿಬಿಟ್ಟಿದೆ. ಗುರುಗಳ ಪ್ರೇರಣೆಯಿಂದ ಬರೆದೆ ಎನ್ನುತ್ತೇವೆ. ಖಳನ ಪ್ರೇರಣೆ ಎಂದರೆ ಕಿವಿಗೆ ಹಿತವಾಗುವುದಿಲ್ಲ. ‘ದುರುದ್ದೇಶ’ದಲ್ಲಿ ತೀರ್ಪು ಮೊದಲೇ ಸೇರಿಕೊಂಡಿದೆ. ‘ಕಾರಣ’ ತೀರಾ ಅಗಲ, ‘ನೆಪ’ ಸುಳ್ಳು.

ಈಗ ಸಿನಿಮಾಕ್ಕೇ ಮರಳುತ್ತೇನೆ. ಥಾನೋಸನ ತಾಯ್ನೆಲ ಟೈಟನ್. ಅಲ್ಲಿ ಉಣ್ಣುವ ಬಾಯಿಗಳು ಹೆಚ್ಚಾದಾಗ, ಬಡವ ಬಲ್ಲಿದ ಎಂದು ನೋಡದೆ ಅರ್ಧ ಜನರನ್ನು ಕೊಲ್ಲೋಣ ಎಂದು ಸೂಚಿಸಿದವನು ಅವನೇ. ಹುಚ್ಚ ಅನ್ನಿಸಿಕೊಂಡ. ಟೈಟನ್ ಹಾಳಾಯಿತು. ಅಂದಿನಿಂದ ಅವನು ಮಾಡುವುದೆಲ್ಲ ‘ನಾನು ಹೇಳಿದ್ದೇ ಸರಿಯಿತ್ತು’ ಎಂದು ತೋರಿಸುವ ಕೆಲಸ. ಸಂಪನ್ಮೂಲವನ್ನು ಇಮ್ಮಡಿ ಮಾಡಿದರೆ ವಿಶ್ವ ಉಳಿದೀತು. ಅವನ ಮಾತು ಗೆದ್ದಂತಾಗುವುದಿಲ್ಲ. ಮುಂದಿನ ಭಾಗವಾದ 2019ರ ‘ಎಂಡ್‌ಗೇಮ್’ನಲ್ಲಿ ಇದು ಬೆತ್ತಲಾಗುತ್ತದೆ. ಉಳಿದವರು ಕಳೆದುಹೋದವರನ್ನು ಮರೆಯುತ್ತಿಲ್ಲ ಎಂದು ತಿಳಿದದ್ದೇ ತಡ, ಇರುವುದೆಲ್ಲವನ್ನೂ ಅಳಿಸಿ, ತನಗೆ ಕೃತಜ್ಞವಾಗಿರುವ ಹೊಸ ವಿಶ್ವವನ್ನೇ ಕಟ್ಟುತ್ತೇನೆ ಎನ್ನುತ್ತಾನೆ. ಸಮತೋಲನದ ಮಾತು ಅಲ್ಲಿಗೆ ಮುಗಿಯಿತು.

ಇದಕ್ಕೆ ಕನ್ನಡದಲ್ಲಿ ಸಾವಿರ ವರ್ಷದಿಂದ ಇರುವ ಪದ ಛಲ. ‘ಚಲದೊಳ್ ದುರ್ಯೋಧನಂ’ ಎಂದ ಪಂಪ. ಮಹಾಭಾರತವನ್ನು ಲೋಕಪೂಜ್ಯ ಮಾಡಿದವರ ಪಟ್ಟಿಯನ್ನು ಅವನು ತೊಡಗಿಸುವುದೇ ಖಳನೆನಿಸಿಕೊಂಡವನಿಂದ, ಅವನ ಛಲದಿಂದ. ಸಂಸ್ಕೃತದಲ್ಲಿ ಛಲ ಎಂದರೆ ವಂಚನೆ. ಹಿಂದಿಯಲ್ಲಿ ಇಂದಿಗೂ ಅದೇ ಅರ್ಥ. ತರ್ಕವನ್ನು ವಿವರಿಸುವ ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ, ಎಂದರೆ ವಿಷಯಗಳಲ್ಲಿ, ಛಲವೂ ಒಂದು; ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಮುರಿಯುವ ವಾದಕ್ಕೆ ಆ ಹೆಸರು. ಕನ್ನಡದಲ್ಲಾದರೋ ಅದು ಬಿಡದ ಪಟ್ಟು ಎಂಬ ಅರ್ಥ ತಾಳಿತು. ‘ಛಲಬೇಕು ಶರಣಂಗೆ’ ಎಂದ ಬಸವಣ್ಣನ ಬಾಯಲ್ಲಿ ಅದು ಗುಣವೇ ಆಗಿದೆ. ಒಂದೇ ಪದ ದುರ್ಯೋಧನನಿಗೂ ಒಗ್ಗುತ್ತದೆ, ಶರಣನಿಗೂ ಒಗ್ಗುತ್ತದೆ. ಮೋಟಿವ್ ಎಂಬ ಪದಕ್ಕೆ ಬೇಕಾದದ್ದು ತೀರ್ಪು ಕೊಡದ ಈ ಗುಣವೇ. ‘ಹಟ’ವೂ ಇಲ್ಲಿ ನಿಲ್ಲದು, ಹಟ ಆ ಹೊತ್ತಿನದು, ಛಲ ಬದುಕಿನಷ್ಟು ಉದ್ದ.

ಥಾನೋಸನಲ್ಲಿ ಎರಡೂ ಅರ್ಥಗಳು ಕೂಡಿಬಂದಿವೆ ಎಂದು ನನಗೆ ತೋರುತ್ತದೆ. ಬಾಯಲ್ಲಿ ಆಡುವ ಸಮತೋಲನದ ಲೆಕ್ಕ ಸಂಸ್ಕೃತದ ಛಲ, ತನ್ನನ್ನೂ ವಂಚಿಸಿಕೊಳ್ಳುವ ಮಾತು. ಒಳಗೆ ಉರಿಯುವುದು ಕನ್ನಡದ ಛಲ. ಹೀಗೆ ನೋಡಿದರೆ ಗೆಳೆಯರು ಹಿಡಿದ ದೋಷ ಕಥೆಯದಲ್ಲ, ಪಾತ್ರದ್ದು. ಅದಕ್ಕೂ ನ್ಯಾಯಶಾಸ್ತ್ರದಲ್ಲಿ ಒಳ್ಳೆಯ ಪದವಿದೆ: ಹೇತ್ವಾಭಾಸ, ಹೇತುವಿನಂತೆ (ವಾದಕ್ಕೆ ಕೊಡುವ ಕಾರಣದಂತೆ) ಕಂಡರೂ ಹೇತುವಲ್ಲದ್ದು. ಪಾತ್ರದ ವಾದದಲ್ಲಿ ಹೇತ್ವಾಭಾಸ ಇರಬಹುದು, ಇದ್ದರೆ ಪಾತ್ರ ಇನ್ನೂ ನಂಬುವಂತಾಗುತ್ತದೆ. ಸತ್ತವನು ಕಾರಣವಿಲ್ಲದೆ ಮುಂದಿನ ದೃಶ್ಯದಲ್ಲಿ ನಡೆದು ಬಂದರೆ ಅದು ಕಥೆಯ ತೂತು. ಈ ಎರಡಕ್ಕೂ ‘ಲಾಜಿಕ್ ಇಲ್ಲ’ ಎಂದುಬಿಡುವುದು ಅನ್ಯಾಯ.

ಖಳನಾಯಕ ಎಂಬ ಪದವೂ ನನ್ನನ್ನು ಕಾಡುತ್ತಿದೆ. ನಾಟಕದ ಲಕ್ಷಣ ಹೇಳುವ ಸಂಸ್ಕೃತ ಗ್ರಂಥ, ಧನಂಜಯನ ದಶರೂಪಕದಲ್ಲಿ ಇರುವ ಪದ ಪ್ರತಿನಾಯಕ. ಅವನ ಲಕ್ಷಣ ಹೇಳುವಾಗ ಲುಬ್ಧ, ಧೀರೋದ್ಧತ, ಪಾಪಕಾರಿ, ವ್ಯಸನಿ ಎಂಬವುಗಳ ಜೊತೆಗೆ ‘ಸ್ತಬ್ಧ’ ಎಂಬ ಮಾತೂ ಬರುತ್ತದೆ. ನಾವು ಸ್ತಬ್ಧ ಎಂದರೆ ಅಲುಗದೆ ನಿಂತದ್ದು ಎನ್ನುತ್ತೇವೆ; ಅಲ್ಲಿ ಅದು ಸೆಟೆದವನು, ಬಾಗದವನು. ಛಲದವನೇ ಅಲ್ಲವೇ? ಆ ಗ್ರಂಥದ ವ್ಯಾಖ್ಯಾನ ಕೊಡುವ ಉದಾಹರಣೆಗಳು ರಾವಣ ಮತ್ತು ದುರ್ಯೋಧನ. ಯಕ್ಷಗಾನದವರು ‘ಎದುರು ವೇಷ’ ಎನ್ನುತ್ತಾರೆ, ಅದು ಇನ್ನೂ ಸೊಗಸು. ಕೆಟ್ಟವನು ಎನ್ನದೆ ಎದುರು ನಿಲ್ಲುವವನು ಎಂದಷ್ಟೇ ಹೇಳುತ್ತದೆ. ‘ಇನ್ಫಿನಿಟಿ ವಾರ್’ನಲ್ಲಿ ಕೆಲಸ ಹೂಡುವವನು ಥಾನೋಸ್, ತಡೆಯಲು ಓಡುವವರು ಉಳಿದವರು. ಕೊನೆಯ ಹೆಸರುಪಟ್ಟಿ ಮುಗಿದ ಮೇಲೆ ಬರುವ ಸಾಲೂ ಅವನು ಮರಳುತ್ತಾನೆ ಎಂದೇ. ಆ ಚಿತ್ರದ ಮಟ್ಟಿಗೆ ‘ಖಳನಾಯಕ’ ಎಂಬುದರ ಎರಡನೆಯ ಭಾಗಕ್ಕೇ ಹೆಚ್ಚು ತೂಕ.

ಛಲ ಎಲ್ಲೆಡೆಯೂ ಹೊಂದುತ್ತದೆ ಎನ್ನುತ್ತಿಲ್ಲ. 2018ರದೇ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ಖಳ ಕಿಲ್‌ಮಾಂಗರ್‌ನನ್ನು ನೂಕುವುದು ತಂದೆಯ ಕೊಲೆ. ಕೊಂದವನು ತಂದೆಯ ಒಡಹುಟ್ಟಿದ ರಾಜನೇ. ಅಲ್ಲಿಗೆ ‘ಮುಯ್ಯಿ’ ಎಂಬುದೇ ಸರಿ ಎನ್ನಿಸುತ್ತದೆ. ಸೇಡು ಬರೀ ಕೇಡು ಹಿಂದಿರುಗಿಸುತ್ತದೆ. ಮುಯ್ಯಿ ಉಡುಗೊರೆಗೂ ಆಗುತ್ತದೆ, ಹಗೆಗೂ ಆಗುತ್ತದೆ. ಪಡೆದದ್ದನ್ನು ಪಡೆದಷ್ಟೇ ತೀರಿಸುವ ಲೆಕ್ಕ ಅದರಲ್ಲಿದೆ.

ಆದ್ದರಿಂದ ಕೇಳುವುದು ಇಷ್ಟು. ಛಲ, ಮುಯ್ಯಿ, ಹಗೆ, ಮತ್ಸರ ಎಂಬ ಒಂದೊಂದಕ್ಕೂ ಪದವಿದೆ. ಇವೆಲ್ಲವನ್ನೂ ಒಳಗೊಳ್ಳುವ, ಒಳ್ಳೆಯದು ಕೆಟ್ಟದ್ದು ಎನ್ನದ, ಮಾತಿನಲ್ಲಿ ಸಲೀಸಾಗಿ ಬರುವ ಪದ ಯಾವುದು? ‘ಒಳತೋಟಿ’ ಎಂದು ಒಬ್ಬರು ಸೂಚಿಸಿದರು, ಆದರೆ ಅದು ಮನಸ್ಸಿನೊಳಗಿನ ಜಗಳ, ನೂಕು ಅಲ್ಲ. ‘ಒಳನೂಕು’ ಎಂದು ಕಟ್ಟಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇನ್ನೊಂದು: ಛಲಕ್ಕೆ ಮೋಸ ಎಂಬ ಅರ್ಥ ಆಡುಮಾತಿನಲ್ಲಿ ಎಲ್ಲಾದರೂ ಉಳಿದಿದೆಯೇ? ಕೇಳಿದವರಿದ್ದರೆ, ಯಾವ ವಾಕ್ಯದಲ್ಲಿ ಕೇಳಿದಿರೋ ಆ ವಾಕ್ಯವನ್ನೇ ದಯವಿಟ್ಟು ಬರೆಯಿರಿ.