ಅಪ್‌ಡೇಟ್: 60 ಆಸನಗಳ ರಂಗಮಂದಿರದಲ್ಲಿ ಅಪೆರೆಟಾ

ಲಂಡನ್ನಿನ ಪಬ್ಬೊಂದರ ಮಹಡಿಯ ಮೇಲಿರುವ 60 ಆಸನಗಳ ರಂಗಮಂದಿರದಲ್ಲಿ, 1930ರಲ್ಲಿ ವಿಯೆನ್ನಾದಲ್ಲಿ ಮೊದಲು ರಂಗವೇರಿದ ಸಂಗೀತ ಸಂಯೋಜಕ ಎಮೆರಿಕ್ ಕಾಲ್ಮಾನ್‌ರ ‘ಮೋಂಮಾರ್ತ್ರ್‌ನ ವಯೊಲೆಟ್’ ಅಪೆರೆಟಾವನ್ನು (ಹಾಡು, ಮಾತು, ಕುಣಿತ ಬೆರೆತ ಲಘು ಸಂಗೀತನಾಟಕವನ್ನು) ಪೂರ್ಣ ವಾದ್ಯವೃಂದವಿಲ್ಲದೆ ಆಡಿಸಬಹುದೇ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಪಿಯಾನೊ, ಪಿಟೀಲು, ಚೆಲ್ಲೊಗಳನ್ನಷ್ಟೇ ಉಳಿಸಿಕೊಂಡು, ಪಿಯಾನೊದ ಮುಚ್ಚಳ ತೆರೆಯದೆ ನುಡಿಸಿದ್ದರಿಂದ ಗಾಯಕರು ಗಂಟಲು ಹರಿದುಕೊಳ್ಳಬೇಕಾಗಲಿಲ್ಲ. ಕಥೆಯಲ್ಲಿ ಬರುವ ಚಿತ್ರಕಾರ, ಕವಿ, ಸಂಗೀತಕಾರ ಗೆಳೆಯರ ಬಡ ಅಟ್ಟದ ಕೋಣೆಗಂತೂ ಆ ಇಕ್ಕಟ್ಟೇ ಒದಗಿಬಂತು. ಚಿತ್ರ ಬಿಡಿಸಲು ಒಂದು ಈಸೆಲ್, ಉರಿಯದ ಒಲೆ, ಅಷ್ಟೇ ಸಾಕಾಯಿತು. ಎಡವಿದ್ದು ಜೋಡಿಯಾಗಿ ಸುತ್ತುತ್ತ ಕುಣಿಯುವ ವಾಲ್ಟ್ಸ್‌ನಲ್ಲಿ: ಮೊದಲ ಪ್ರದರ್ಶನದಂದು ನಾಯಕಿಯ ಲಂಗದ ಅಂಚು ಮುಂದಿನ ಸಾಲಿನ ಪ್ರೇಕ್ಷಕರೊಬ್ಬರ ವೈನ್ ಲೋಟವನ್ನು ಉರುಳಿಸಿತು. ಮರುದಿನದಿಂದ ಜೋಡಿಯನ್ನು ನಿಂತಲ್ಲೇ ತೂಗಾಡಿಸಿದೆವು, ನನಗೆ ಅದೇ ಹೆಚ್ಚು ಆಪ್ತವೆನಿಸಿತು. ಮೇಳದ ಹಾಡುಗಳನ್ನು ಮಾತ್ರ ಕತ್ತರಿಸಬೇಕಾಯಿತು, ಆ ಬೇಸರ ಇನ್ನೂ ಇದೆ.